ಮಗುವಿನ ಹಾಸಿಗೆ: ತರುವುದಕ್ಕಿಂತ ತೆಗೆದಿಡುವುದೇ ಜಾಸ್ತಿ

ತೊಟ್ಟಿಲು ಬೇಕು ಅಂತ ಫೋನಿನಲ್ಲಿ ಒಂದು ಸಲ ಹುಡುಕಿ ನೋಡಿ. ಮರುದಿನದಿಂದ ಬೇಬಿ ಬೆಡ್ಡಿಂಗ್ ಸೆಟ್‌ಗಳ ಜಾಹೀರಾತು ಬೆನ್ನು ಹತ್ತುತ್ತದೆ. ತಿಳಿ ಗುಲಾಬಿಯೋ ತಿಳಿ ನೀಲಿಯೋ ಬಣ್ಣ, ಅದರ ಮೇಲೆ ಆನೆಮರಿ, ಮೋಡ, ನಕ್ಷತ್ರ. ಜಿಪ್ ಇರುವ ಪ್ಲಾಸ್ಟಿಕ್ ಚೀಲದೊಳಗೆ ಒಂದು ಹಾಸಿಗೆ, ಪುಟ್ಟ ತಲೆದಿಂಬು, ಎರಡು ಕಡೆ ಇಡಲು ಎರಡು ಉರುಳೆ ದಿಂಬು, ಒಂದು ರಜಾಯಿ, ಒಂದು ಸೊಳ್ಳೆ ಪರದೆ. ಸ್ವಲ್ಪ ದುಬಾರಿ ಸೆಟ್ಟಾದರೆ ತೊಟ್ಟಿಲಿನ ಕಂಬಿಗಳಿಗೆ ಸುತ್ತಲೂ ಕಟ್ಟುವ ಮೆತ್ತನೆಯ ಪಟ್ಟಿಯೂ ಇರುತ್ತದೆ. ಅದಕ್ಕೆ ಬಂಪರ್ ಅನ್ನುತ್ತಾರೆ. ನೀವು ಕೊಳ್ಳದಿದ್ದರೂ ನಾಮಕರಣದ ಉಡುಗೊರೆಗಳಲ್ಲಿ ಇಂಥದ್ದು ಒಂದಾದರೂ ಬಂದೇ ಬರುತ್ತದೆ.

ಆ ಚೀಲದಲ್ಲಿರುವುದರಲ್ಲಿ ಮಗುವಿಗೆ ನಿಜವಾಗಿ ಕೆಲಸಕ್ಕೆ ಬರುವುದು ಸೊಳ್ಳೆ ಪರದೆ ಮಾತ್ರ. ಹಾಸಿಗೆ ಗಟ್ಟಿಯಾಗಿದ್ದರೆ ಅದನ್ನೂ ಇಟ್ಟುಕೊಳ್ಳಬಹುದು. ಸಾಮಾನ್ಯವಾಗಿ ಗಟ್ಟಿ ಇರುವುದಿಲ್ಲ. ಉಳಿದದ್ದನ್ನು ಮೊದಲ ಒಂದು ವರ್ಷ ಮಗು ಮಲಗುವ ಜಾಗಕ್ಕೆ ತರಲೇಬಾರದು. ಗಟ್ಟಿಯಾದ, ಸಪಾಟಾದ ಹಾಸಿಗೆ, ಅದರ ಮೇಲೆ ಬಿಗಿಯಾಗಿ ಕೂರುವ ಒಂದು ಬಟ್ಟೆ, ಮೇಲೆ ಅಂಗಾತ ಮಲಗಿದ ಮಗು. ಅಷ್ಟೇ.

ಹುಟ್ಟುವ ಮೊದಲು ಮಗುವಿಗೆ ಏನೂ ತರಬಾರದು ಅನ್ನುವ ಮನೆಗಳು ಇನ್ನೂ ಇವೆ. ಅಂಥ ಮನೆಯವರು ಬೇಜಾರು ಮಾಡಿಕೊಳ್ಳಬೇಕಾಗಿಲ್ಲ. ಬೇಕಾದದ್ದು ಇಷ್ಟು ಕಡಿಮೆ ಇರುವಾಗ, ತಾಯಿ ಮಗು ಆಸ್ಪತ್ರೆಯಿಂದ ಬರುವ ದಿನ ಬೆಳಗ್ಗೆ ಯಾರಾದರೊಬ್ಬರು ಹೋಗಿ ತಂದರೂ ಸಾಕಾಗುತ್ತದೆ.

ಆದರೆ ‘ಬೇಡ’ ಅಂತ ಹೇಳಿದರೆ ಮನೆಯಲ್ಲಿ ಯಾರೂ ಕೇಳುವುದಿಲ್ಲ. ಯಾಕೆ ಬೇಡ ಅನ್ನುವುದು ಗೊತ್ತಿರಬೇಕು.

ಉಸಿರು ಎಲ್ಲಿಗೆ ಹೋಗುತ್ತದೆ?

ಮಗುವಿನ ಹಾಸಿಗೆಗೆ ಸಂಬಂಧಿಸಿದ ಯಾವ ವಸ್ತು ಕೈಗೆ ಬಂದರೂ ಒಂದೇ ಪ್ರಶ್ನೆ ಕೇಳಿ. ಮಗುವಿನ ಮುಖ ಇದಕ್ಕೆ ಒತ್ತಿಕೊಂಡರೆ ಅದು ಬಿಟ್ಟ ಉಸಿರು ಎಲ್ಲಿಗೆ ಹೋಗುತ್ತದೆ?

ಚಳಿಗಾಲದ ರಾತ್ರಿ ದಪ್ಪ ರಜಾಯಿಯನ್ನು ತಲೆ ಮುಚ್ಚಿ ಹೊದ್ದುಕೊಂಡರೆ ಸ್ವಲ್ಪ ಹೊತ್ತಿಗೆ ಉಸಿರು ಕಟ್ಟಿದ ಹಾಗೆ ಆಗುತ್ತದೆ ಅಲ್ವಾ? ಒಳಗೆ ಇಂಗಾಲದ ಡೈಆಕ್ಸೈಡ್ ಹೆಚ್ಚಾಗಿರುತ್ತದೆ, ಆಮ್ಲಜನಕ ಕಡಿಮೆಯಾಗಿರುತ್ತದೆ. ನಮಗೆ ಪೂರ್ತಿ ಎಚ್ಚರವೂ ಆಗುವುದಿಲ್ಲ, ನಿದ್ದೆಗಣ್ಣಿನಲ್ಲೇ ರಜಾಯಿ ಸರಿಸುತ್ತೇವೆ. ಮೂಗು ದಿಂಬಿಗೆ ಒತ್ತಿಕೊಂಡ ಮಗುವಿಗೂ ಆಗುವುದು ಇದೇ. ಮೆತ್ತನೆ ವಸ್ತು ಮುಖದ ಸುತ್ತ ಒಂದು ಗುಂಡಿ ಮಾಡುತ್ತದೆ. ಬಿಟ್ಟ ಉಸಿರು ಅಲ್ಲೇ ನಿಲ್ಲುತ್ತದೆ. ಮಗು ಅದನ್ನೇ ಮತ್ತೆ ಒಳಗೆ ಎಳೆದುಕೊಳ್ಳುತ್ತದೆ.

ಎಷ್ಟೋ ಮಕ್ಕಳು ಆಗ ಮಿಸುಕಾಡುತ್ತವೆ, ಕತ್ತು ಹೊರಳಿಸುತ್ತವೆ, ಅಳುತ್ತವೆ. ಕೆಲವು ಮಕ್ಕಳಲ್ಲಿ ಮಾತ್ರ ಮಿದುಳಿನ ಬುಡದಲ್ಲಿರುವ, ಉಸಿರು ಕಡಿಮೆಯಾದಾಗ ಎಬ್ಬಿಸುವ ವ್ಯವಸ್ಥೆ ಇನ್ನೂ ಸರಿಯಾಗಿ ಬಲಿತಿರುವುದಿಲ್ಲ. ಯಾವ ಮಗುವಿಗೆ ಹೀಗಿದೆ ಅಂತ ಹೊರಗಿನಿಂದ ನೋಡಿ ಹೇಳುವುದಕ್ಕೆ ಆಗುವುದಿಲ್ಲ. ಮಗು ದುಂಡಗೆ, ಆರೋಗ್ಯವಾಗಿ, ಹಾಲು ಕುಡಿದು ನಗುತ್ತಲೇ ಇರಬಹುದು. ಒಂದು ವರ್ಷದೊಳಗಿನ ಮಗು ನಿದ್ದೆಯಲ್ಲೇ ಹೋಗಿಬಿಟ್ಟು, ಪೂರ್ತಿ ತಪಾಸಣೆ ಮಾಡಿದರೂ ಕಾರಣ ಸಿಗದಿದ್ದರೆ ವೈದ್ಯರು ಅದನ್ನು ಸಿಡ್ಸ್ ಎನ್ನುತ್ತಾರೆ. 1994ರಲ್ಲಿ ಫಿಲಿಯಾನೋ ಮತ್ತು ಕಿನ್ನಿ ಎಂಬ ಇಬ್ಬರು ಸಂಶೋಧಕರು ಇದಕ್ಕೆ ಒಂದು ವಿವರಣೆ ಕೊಟ್ಟರು. ಒಳಗೆ ಎಲ್ಲೋ ದುರ್ಬಲವಾಗಿರುವ ಮಗು, ದೇಹ ವೇಗವಾಗಿ ಬದಲಾಗುತ್ತಿರುವ ವಯಸ್ಸು, ಹೊರಗಿನಿಂದ ಬಂದ ಒಂದು ತೊಂದರೆ, ಈ ಮೂರೂ ಒಂದೇ ಹೊತ್ತಿಗೆ ಕೂಡಿದಾಗ ಅನಾಹುತ ಆಗುತ್ತದೆ ಅಂತ. ಮೊದಲ ಎರಡು ನಮ್ಮ ಕೈಯಲ್ಲಿಲ್ಲ. ಮೂರನೆಯದು ಇದೆ. ಮಗುವನ್ನು ಹೇಗೆ ಮಲಗಿಸುತ್ತೇವೆ, ಯಾವುದರ ಮೇಲೆ ಮಲಗಿಸುತ್ತೇವೆ, ಏನು ಹೊದಿಸುತ್ತೇವೆ ಎನ್ನುವುದು.

ಅಪಾಯ ಹೆಚ್ಚಿರುವುದು ಒಂದರಿಂದ ನಾಲ್ಕು ತಿಂಗಳವರೆಗೆ. ಇಂಥ ಸಾವುಗಳಲ್ಲಿ ನೂರಕ್ಕೆ ಸುಮಾರು 90 ಆರು ತಿಂಗಳ ಒಳಗೇ ಆಗುತ್ತವೆ. ಅಂದರೆ ಬಾಣಂತನ ನಡೆಯುತ್ತಿರುವಾಗ, ತವರುಮನೆಯಲ್ಲಿ, ಎಲ್ಲರೂ ಅಕ್ಕರೆಯಿಂದ ಮಗುವಿನ ಸುತ್ತ ಇರುವ ಹೊತ್ತಿನಲ್ಲೇ.

ಪಶ್ಚಿಮದ ದೇಶಗಳು ಈ ಪಾಠವನ್ನು ಬಹಳ ಕಷ್ಟದಿಂದ ಕಲಿತವು. ಅಲ್ಲಿ ಹಲವು ವರ್ಷ ಮಕ್ಕಳನ್ನು ಬೋರಲು ಮಲಗಿಸಿ ಅಂತ ವೈದ್ಯರೇ ಹೇಳುತ್ತಿದ್ದರು. ನ್ಯೂಜಿಲೆಂಡ್ ಮತ್ತು ಬ್ರಿಟನ್‌ನಲ್ಲಿ 1991ರಲ್ಲಿ, ಅಮೆರಿಕದಲ್ಲಿ 1994ರಲ್ಲಿ ‘ಅಂಗಾತ ಮಲಗಿಸಿ’ ಎಂಬ ದೊಡ್ಡ ಪ್ರಚಾರ ಶುರುವಾಯಿತು. ಅಮೆರಿಕದಲ್ಲಿ ಸುಮಾರು ಹತ್ತು ವರ್ಷದಲ್ಲಿ ಸಿಡ್ಸ್ ಪ್ರಮಾಣ ಅರ್ಧಕ್ಕಿಂತ ಹೆಚ್ಚು ಇಳಿಯಿತು. ಒಂದು ಔಷಧಿ ಇಲ್ಲ, ಲಸಿಕೆ ಇಲ್ಲ, ಮಗುವನ್ನು ತಿರುಗಿಸಿ ಮಲಗಿಸಿದ್ದು ಅಷ್ಟೇ. ಆದರೂ ನಿದ್ದೆಯಲ್ಲಿ ಸಿಡ್ಸ್‌ನಿಂದಲೋ ಉಸಿರುಗಟ್ಟಿಯೋ ತೀರಿಕೊಳ್ಳುವ ಮಕ್ಕಳು ಆ ದೇಶವೊಂದರಲ್ಲೇ ವರ್ಷಕ್ಕೆ ಸುಮಾರು 3,500. ಹಾಗಾಗಿ ಈಗ ಅಲ್ಲಿಯ ವೈದ್ಯರ ಕಣ್ಣು ಹಾಸಿಗೆಯ ಮೇಲಿರುವ ಸಾಮಾನಿನ ಮೇಲೆ ಬಿದ್ದಿದೆ.

‘ಅಂಗಾತ ಮಲಗಿಸಿದರೆ ಕಕ್ಕಿದ ಹಾಲು ಗಂಟಲಿಗೆ ಸಿಕ್ಕಿಕೊಳ್ಳುವುದಿಲ್ಲವಾ?’ ಅಂತ ಅಜ್ಜಿಯರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಮಗು ಅಂಗಾತ ಇದ್ದಾಗ ಶ್ವಾಸನಾಳ ಮೇಲಿರುತ್ತದೆ, ಅನ್ನನಾಳ ಅದರ ಕೆಳಗಿರುತ್ತದೆ. ಮೇಲೆ ಬಂದ ಹಾಲು ಶ್ವಾಸನಾಳಕ್ಕೆ ಹೋಗಬೇಕಾದರೆ ಹತ್ತಿ ಹೋಗಬೇಕು. ಬೋರಲು ಮಲಗಿದಾಗ ಇದು ಉಲ್ಟಾ. ಅನ್ನನಾಳ ಮೇಲೆ, ಶ್ವಾಸನಾಳ ಕೆಳಗೆ. ಜಾರಿ ಇಳಿಯುವುದು ಸುಲಭ. ಆದ್ದರಿಂದ ಕಕ್ಕುವ ಮಗುವನ್ನೂ ಅಂಗಾತವೇ ಮಲಗಿಸಬೇಕು. ಹಾಲು ಕುಡಿಸಿದ ಮೇಲೆ ಹೆಗಲಿಗೆ ಹಾಕಿ ತೇಗು ಬರಿಸಿ ಮಲಗಿಸಿ. ತಲೆಯ ಕಡೆ ಎತ್ತರ ಮಾಡಲು ಹಾಸಿಗೆಯ ಅಡಿಗೆ ಬಟ್ಟೆ ಮಡಿಸಿ ಇಡುವುದು ಬೇಡ. ಮಗು ಜಾರುತ್ತಾ ಜಾರುತ್ತಾ ಕುತ್ತಿಗೆ ಮಡಚಿಕೊಳ್ಳುತ್ತದೆ.

ಹಾಗೆ ಇಳಿಜಾರಾಗಿ ಮಲಗಿಸುವ ಸಾಧನಗಳ ಕಥೆ ಅಮೆರಿಕದಲ್ಲಿ ದೊಡ್ಡ ಗದ್ದಲವೇ ಆಯಿತು. ಫಿಶರ್-ಪ್ರೈಸ್ ಕಂಪನಿ ‘ರಾಕ್ ಎನ್ ಪ್ಲೇ’ ಎಂಬ ತೊಟ್ಟಿಲಿನಂಥ ಸಾಧನವನ್ನು ಲಕ್ಷಗಟ್ಟಲೆ ಮಾರಿತ್ತು. ಮಕ್ಕಳ ಸಾವುಗಳು ವರದಿಯಾದ ಮೇಲೆ 2019ರ ಏಪ್ರಿಲ್‌ನಲ್ಲಿ ಸುಮಾರು 47 ಲಕ್ಷ ಸಾಧನಗಳನ್ನು ವಾಪಸ್ ಕರೆಸಿಕೊಳ್ಳಬೇಕಾಯಿತು. 2022ರ ಮೇ ತಿಂಗಳಲ್ಲಿ ಬಂದ ಕಾನೂನಿನಲ್ಲಿ, 10 ಡಿಗ್ರಿಗಿಂತ ಹೆಚ್ಚು ಇಳಿಜಾರಿರುವ ಮಲಗುವ ಸಾಧನಗಳನ್ನೂ ಮೆತ್ತನೆಯ ಬಂಪರ್‌ಗಳನ್ನೂ ಅಲ್ಲಿ ನಿಷೇಧಿಸಿದರು. ನಮ್ಮ ಆನ್‌ಲೈನ್ ಅಂಗಡಿಗಳಲ್ಲಿ ಬಂಪರ್ ಇವತ್ತಿಗೂ ‘ಸೇಫ್ಟಿ’ ಅನ್ನುವ ಪದದ ಜೊತೆಗೇ ಮಾರಾಟವಾಗುತ್ತಿದೆ.

ಹಾಸಿಗೆ

ಅಂಗಡಿಯಲ್ಲಿ ಹಾಸಿಗೆಯ ಮೇಲೆ ಅಂಗೈ ಊರಿ ಜೋರಾಗಿ ಒತ್ತಿ. ಕೈ ತೆಗೆದ ಕೂಡಲೇ ಮೊದಲಿನ ಹಾಗೆ ಸಮ ಆಗಬೇಕು. ಕೈಯ ಗುರುತು ಒಂದು ಕ್ಷಣವಾದರೂ ಉಳಿದರೆ ಅದು ಮಗುವಿಗೆ ಬೇಡ. ಮೆಮೊರಿ ಫೋಮ್ ಈ ಪರೀಕ್ಷೆಯಲ್ಲೇ ಹೋಗುತ್ತದೆ. ದೇಹದ ಆಕಾರಕ್ಕೆ ಗುಂಡಿ ಬೀಳುವುದೇ ಅದರ ವಿಶೇಷ.

‘ಅಯ್ಯೋ, ಎಳೆಗೂಸಿಗೆ ಇಷ್ಟು ಗಟ್ಟಿ ಹಾಸಿಗೆಯಾ?’ ಅಂತ ಯಾರಾದರೂ ಅಂದೇ ಅನ್ನುತ್ತಾರೆ. ಗಟ್ಟಿ ಹಾಸಿಗೆ ಚುಚ್ಚುವುದು ನಮಗೆ. ನಮ್ಮ ಅರವತ್ತು ಎಪ್ಪತ್ತು ಕೆಜಿ ಭಾರ ಭುಜ, ಸೊಂಟದ ಮೇಲೆ ಬೀಳುತ್ತದೆ. ಮೂರು ಕೆಜಿ ಮಗುವಿಗೆ ಆ ತೊಂದರೆ ಇಲ್ಲ.

ಹತ್ತಿ ಹಾಸಿಗೆಯ ವಿಷಯಕ್ಕೆ ಬರೋಣ. ಹೊಸದಾಗಿ ಹಿಂಜಿಸಿ ತುಂಬಿಸಿದ ಹತ್ತಿ ಉಬ್ಬಿಕೊಂಡಿರುತ್ತದೆ, ತಲೆ ಒಳಗೆ ಇಳಿಯುತ್ತದೆ. ಹಳೆಯದಾದರೆ ಗಂಟು ಕಟ್ಟಿ ನಡುವೆ ತಗ್ಗು ಬಿದ್ದಿರುತ್ತದೆ. ಬೂರುಗದ ಹತ್ತಿಯಂತೂ ಇನ್ನೂ ಮೆತ್ತಗೆ. ‘ತಂಪು’ ಅಂತ ಅದನ್ನು ಹುಡುಕಿ ತರುವವರಿದ್ದಾರೆ, ದೊಡ್ಡವರ ದಿಂಬಿಗೆ ಅದು ಚೆನ್ನ, ಮಗುವಿಗಲ್ಲ. ತೆಂಗಿನ ನಾರಿನ ಹಾಸಿಗೆ ಅಥವಾ ಗಟ್ಟಿ ಫೋಮ್ ಆಗಬಹುದು. ಊರಿನ ಹಾಸಿಗೆ ಅಂಗಡಿಯವರಿಗೆ ತೊಟ್ಟಿಲಿನ ಒಳಅಳತೆ ಕೊಟ್ಟರೆ ಅದೇ ಅಳತೆಗೆ ಮಾಡಿಕೊಡುತ್ತಾರೆ. ರೆಡಿಮೇಡ್ ತಂದು ಕತ್ತರಿಸುವುದಕ್ಕಿಂತ ಇದು ವಾಸಿ.

ಅಳತೆ ಯಾಕೆ ಅಷ್ಟು ಮುಖ್ಯ ಅಂದರೆ, ಹಾಸಿಗೆಗೂ ತೊಟ್ಟಿಲಿನ ಪಕ್ಕಕ್ಕೂ ನಡುವೆ ಸಂದು ಇದ್ದರೆ ಮಗುವಿನ ಮುಖ ಅಲ್ಲಿಗೆ ಜಾರಬಹುದು. ಎರಡು ಬೆರಳು ಹಿಡಿಯುವುದಕ್ಕಿಂತ ಹೆಚ್ಚು ಜಾಗ ಇರಬಾರದು. ಕಂಬಿಗಳ ನಡುವಿನ ಜಾಗವನ್ನೂ ಟೇಪ್ ಹಿಡಿದು ನೋಡಿ, 6 ಸೆಂಟಿಮೀಟರ್ ಮೀರಬಾರದು. ಅದಕ್ಕಿಂತ ಅಗಲವಾದರೆ ಮಗುವಿನ ಮೈ ತೂರಿ ತಲೆ ಸಿಕ್ಕಿಕೊಳ್ಳುತ್ತದೆ. ಬಂಪರ್ ಕಟ್ಟುವ ರೂಢಿ ಬೆಳೆದದ್ದಕ್ಕೆ ಇಂಥ ಅಗಲ ಸಂದಿನ ಹಳೇ ತೊಟ್ಟಿಲುಗಳೂ ಕಾರಣ. ಈಗ ಸಂದು ಸರಿಯಿದ್ದರೆ ಬಂಪರ್‌ಗೆ ಕೆಲಸವೇ ಇಲ್ಲ. ಕಂಬಿಗೆ ಕೈ ತಾಗಿ ಮಗು ಅತ್ತರೆ ಅಳಲಿ, ಎತ್ತಿಕೊಂಡರಾಯಿತು.

ಗಟ್ಟಿ ಹಾಸಿಗೆ ತಂದು, ಅದರ ಮೇಲೆ ‘ಸ್ವಲ್ಪ ಮೆತ್ತಗಿರಲಿ’ ಅಂತ ಒಂದು ರಜಾಯಿ ಮಡಿಸಿ ಹಾಸಿದರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ.

ಹಾಸುವ ಬಟ್ಟೆ, ಅದರ ಕೆಳಗಿನ ರಬ್ಬರ್ ಶೀಟ್

ಹಾಸಿಗೆಯ ಬಟ್ಟೆ ಎಷ್ಟು ಬಿಗಿ ಇರಬೇಕು? ಮೂಲೆಯಲ್ಲಿ ಹಿಡಿದು ಎಳೆದರೆ ಕಳಚಬಾರದು, ನಡುವೆ ಚಿವುಟಿ ಎತ್ತಿದರೆ ಕೈಗೆ ಬರಬಾರದು. ಎಲಾಸ್ಟಿಕ್ ಇರುವ ಫಿಟೆಡ್ ಶೀಟ್ ಕೊಂಡರೆ ಮೊದಲು ಒಗೆದು ಆಮೇಲೆ ಹಾಕಿ ನೋಡಿ. ಹತ್ತಿ ಬಟ್ಟೆ ಕುಗ್ಗುತ್ತದೆ. ಕುಗ್ಗಿದ ಶೀಟ್ ರಾತ್ರಿ ಹೊತ್ತು ಒಂದು ಮೂಲೆಯಲ್ಲಿ ಪಟಕ್ಕನೆ ಬಿಟ್ಟುಕೊಂಡು ಮಗುವಿನ ಮೇಲೆ ಮಡಚಿಕೊಳ್ಳುತ್ತದೆ.

ಇದಕ್ಕೆ ದುಡ್ಡು ಸುರಿಯಬೇಕಾಗಿಲ್ಲ. ಮನೆಯಲ್ಲಿ ಒಗೆದು ಒಗೆದು ಮೆತ್ತಗಾದ ಪಂಚೆ ಇರುತ್ತದಲ್ಲ, ಅದಕ್ಕಿಂತ ಒಳ್ಳೆಯ ಬಟ್ಟೆ ಮಗುವಿನ ಮೈಗೆ ಸಿಗುವುದು ಕಷ್ಟ. ಆದರೆ ಪಂಚೆಯನ್ನು ಸುಮ್ನೆ ಹಾಸಿ ಅಂಚು ಒಳಗೆ ಸಿಕ್ಕಿಸಿದರೆ ನಿಲ್ಲುವುದಿಲ್ಲ. ಹಾಸಿಗೆಯ ಅಳತೆಗೆ ದಿಂಬಿನ ಗವಸಿನ ಹಾಗೆ ಮೂರು ಕಡೆ ಹೊಲಿಸಿ. ಹಾಸಿಗೆಯನ್ನು ಅದರೊಳಗೆ ತೂರಿಸಿ, ತೆರೆದ ಬಾಯನ್ನು ಅಡಿಗೆ ಮಡಚಿ. ಇಡೀ ಗವಸು ಬಿಗಿಯಾಗಿ ಕೂರುತ್ತದೆ. ಪಿನ್ನು, ಲಾಡಿ, ಗುಂಡಿ ಯಾವುದೂ ಬೇಡ. ಇಂಥವು ನಾಲ್ಕಾದರೂ ಇರಲಿ. ಮಲೆನಾಡು, ಕರಾವಳಿಯಲ್ಲಿ ಮಳೆಗಾಲದ ಬಾಣಂತನವಾದರೆ ಇನ್ನೊಂದೆರಡು ಜಾಸ್ತಿ ಇರಲಿ, ಬಟ್ಟೆ ಒಣಗುವುದೇ ಇಲ್ಲ.

ರಬ್ಬರ್ ಶೀಟ್ ಬೇಕು, ಆದರೆ ಅದರ ಜಾಗ ಗವಸಿನ ಕೆಳಗೆ, ಹಾಸಿಗೆಯ ಮೇಲೆ. ಮಗುವಿನ ಮೈಗೆ ನೇರ ತಾಗುವಂತೆ ಹಾಸಿದರೆ ಬೆವರಿ ಬೆವರುಸಾಲೆ ಏಳುತ್ತದೆ. ಹೊಸ ಹಾಸಿಗೆಗೆ ಅಂಗಡಿಯವರು ಸುತ್ತಿ ಕೊಟ್ಟ ತೆಳು ಪ್ಲಾಸ್ಟಿಕ್ ಕವರನ್ನು ‘ಒದ್ದೆಯಾಗದಿರಲಿ’ ಅಂತ ಹಾಗೇ ಬಿಡುವವರಿದ್ದಾರೆ. ಅದನ್ನು ತೆಗೆದು ಎಸೆಯಿರಿ. ಮುಖಕ್ಕೆ ಅಂಟಿದರೆ ಬಿಡುವುದಿಲ್ಲ.

ಹಳೇ ಬಟ್ಟೆಯ ವಿಷಯದಲ್ಲಿ ಎಚ್ಚರ ಬೇಕಾದ ಸಂಗತಿ ಇನ್ನೊಂದಿದೆ. ಟ್ರಂಕಿನಲ್ಲಿ, ಬೀರುವಿನಲ್ಲಿ ಬಟ್ಟೆಗಳ ನಡುವೆ ನುಸಿಗುಳಿಗೆ ಇಡುತ್ತೇವಲ್ಲ, ಆ ಬಿಳಿ ನ್ಯಾಫ್ತಲಿನ್ ಉಂಡೆ. ಅದರ ವಾಸನೆ ಹಿಡಿದ ಬಟ್ಟೆಯನ್ನು ಹಸುಗೂಸಿಗೆ ಬಳಸಬಾರದು. ಜಿ-6-ಪಿ-ಡಿ ಎಂಬ ಕಿಣ್ವದ ಕೊರತೆ ಇರುವ ಮಕ್ಕಳಲ್ಲಿ ಆ ಆವಿ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಕಾಮಾಲೆ ವಿಪರೀತಕ್ಕೆ ಹೋಗುತ್ತದೆ. ಕೊರತೆ ಇದೆಯೋ ಇಲ್ಲವೋ ಹುಟ್ಟಿದ ಕೂಡಲೇ ಎಲ್ಲರಿಗೂ ಗೊತ್ತಿರುವುದಿಲ್ಲ. ಆದ್ದರಿಂದ ಏಳನೇ ತಿಂಗಳಲ್ಲೇ ಮಗುವಿನ ಬಟ್ಟೆಗಳನ್ನು ಬೇರೆ ತೆಗೆದು, ಒಗೆದು, ಬಿಸಿಲಿಗೆ ಹಾಕಿ, ಗುಳಿಗೆ ಇಲ್ಲದ ಕಡೆ ಇಡಿ. ಜೋರು ವಾಸನೆ ಹೊಡೆಯುವ ಬಟ್ಟೆಯನ್ನು ಬಿಟ್ಟೇಬಿಡಿ.

ಸಾಸಿವೆ ದಿಂಬು

ನಮ್ಮ ಮನೆಗಳಲ್ಲಿ ಜಗಳ ಆಗುವುದೇ ಇಲ್ಲಿ. ಸಣ್ಣ ಬಟ್ಟೆಚೀಲಕ್ಕೆ ಸಾಸಿವೆ ತುಂಬಿ, ಕೆಲವು ಕಡೆ ರಾಗಿ ತುಂಬಿ, ಮಗುವಿನ ತಲೆಯಡಿ ಇಡುತ್ತಾರೆ. ತಲೆ ಗುಂಡಗೆ ಬರಲಿ, ಹಿಂಭಾಗ ಚಪ್ಪಟೆ ಆಗದಿರಲಿ ಅನ್ನುವ ಉದ್ದೇಶ. ಉದ್ದೇಶದಲ್ಲಿ ತಪ್ಪಿಲ್ಲ. ಎಳೆಯ ತಲೆಬುರುಡೆ ಮೆತ್ತಗಿರುತ್ತದೆ, ಒಂದೇ ಕಡೆ ಒತ್ತಿದರೆ ಚಪ್ಪಟೆ ಆಗುವುದು ನಿಜ.

ತೊಂದರೆ ಇರುವುದು ಕುತ್ತಿಗೆಯಲ್ಲಿ. ಹಸುಗೂಸಿನ ತಲೆ ಮೈಗೆ ಹೋಲಿಸಿದರೆ ದೊಡ್ಡದು, ಹಿಂತಲೆ ಉಬ್ಬಿಕೊಂಡಿರುತ್ತದೆ. ಸಪಾಟು ಹಾಸಿಗೆಯ ಮೇಲೆ ಮಲಗಿಸಿದರೂ ತಲೆ ಸ್ವಲ್ಪ ಮುಂದಕ್ಕೇ ಇರುತ್ತದೆ. ಅದರಡಿ ಇನ್ನೊಂದು ದಿಂಬು ಇಟ್ಟರೆ ಗದ್ದ ಎದೆಗೆ ತಾಗುತ್ತದೆ. ಮಗುವಿನ ಶ್ವಾಸನಾಳ ಎಳನೀರಿನ ಸ್ಟ್ರಾದಷ್ಟೇ ಸಣ್ಣದು, ಅಷ್ಟೇ ಮೆತ್ತಗೆ ಕೂಡ. ಸ್ವಲ್ಪ ಮಡಚಿದರೂ ಗಾಳಿ ಹೋಗುವ ದಾರಿ ಬಹಳಷ್ಟು ಕಿರಿದಾಗುತ್ತದೆ. ತಲೆ ಎತ್ತಿ ಸರಿಮಾಡಿಕೊಳ್ಳುವ ಶಕ್ತಿ ಅದಕ್ಕಿಲ್ಲ. ಇದರ ಮೇಲೆ, ಹೊಲಿಗೆ ಬಿಟ್ಟರೆ ಸಾಸಿವೆ ಕಾಳು ಮೂಗಿಗೆ, ಕಿವಿಗೆ ಹೋಗುವ ಭಯ ಬೇರೆ.

ಅಮೆರಿಕದಲ್ಲೂ ಇದೇ ಆಸೆಗೆ ನಡುವೆ ತೂತಿರುವ ಫೋಮ್ ದಿಂಬುಗಳನ್ನು ಮಾರುತ್ತಿದ್ದರು. ಅಲ್ಲಿಯ ಆಹಾರ ಮತ್ತು ಔಷಧ ಇಲಾಖೆ 2022ರ ನವೆಂಬರ್‌ನಲ್ಲಿ, ತಲೆಯ ಆಕಾರ ಸರಿಮಾಡುವ ದಿಂಬು ಯಾವುದನ್ನೂ ಬಳಸಬೇಡಿ ಅಂತ ಎಚ್ಚರಿಕೆ ಕೊಟ್ಟಿತು. ಆ ತೂತಿನ ದಿಂಬು ನಮ್ಮ ಕಡೆಯೂ ‘ಸಾಸಿವೆ ದಿಂಬಿನ ಹೊಸ ಅವತಾರ’ದಂತೆ ಮಾರಾಟವಾಗುತ್ತದೆ. ಕಾಳು ಹೋಗಿ ಫೋಮ್ ಬಂದರೂ ಕುತ್ತಿಗೆಯ ಲೆಕ್ಕ ಬದಲಾಗುವುದಿಲ್ಲ.

ಹಾಗಾದರೆ ತಲೆ ಗುಂಡಗೆ ಬರುವುದು ಹೇಗೆ? ಮಗುವನ್ನು ಅಂಗಾತವೇ ಮಲಗಿಸಿ, ಆದರೆ ಮುಖವನ್ನು ಒಂದು ಸಲ ಬಲಕ್ಕೆ, ಇನ್ನೊಂದು ಸಲ ಎಡಕ್ಕೆ ಹೊರಳಿಸಿ. ಮಗು ಬೆಳಕಿನ ಕಡೆ, ಅಮ್ಮನ ದನಿಯ ಕಡೆ ತಿರುಗುತ್ತದೆ. ಆದ್ದರಿಂದ ತಲೆ ಇಡುವ ದಿಕ್ಕನ್ನು ದಿನ ಬಿಟ್ಟು ದಿನ ಬದಲಿಸಿದರೂ ಕೆಲಸ ಆಗುತ್ತದೆ. ಎಚ್ಚರವಿರುವಾಗ, ನೀವು ಎದುರಿಗೆ ಕೂತಿರುವಾಗ, ದಿನಕ್ಕೆ ಕೆಲವು ಸಲ ಮೂರೋ ನಾಲ್ಕೋ ನಿಮಿಷ ಬೋರಲು ಹಾಕಿ. ಕುತ್ತಿಗೆಗೂ ಬಲ ಬರುತ್ತದೆ. ಅಷ್ಟಾಗಿಯೂ ಒಂದು ಕಡೆ ಚಪ್ಪಟೆಯಾದರೆ, ಮಗು ಕೂರುವ ವಯಸ್ಸಿಗೆ ಬಂದ ಮೇಲೆ ಸಾಮಾನ್ಯವಾಗಿ ತಾನಾಗಿಯೇ ಸರಿಹೋಗುತ್ತದೆ. ಮಗು ಯಾವಾಗಲೂ ಒಂದೇ ಕಡೆ ತಿರುಗುತ್ತಿದ್ದರೆ ಮಾತ್ರ ಮಕ್ಕಳ ಡಾಕ್ಟರಿಗೆ ತೋರಿಸಿ. ಕುತ್ತಿಗೆಯ ಒಂದು ಕಡೆಯ ಸ್ನಾಯು ಬಿಗಿದಿರಬಹುದು.

ಚಳಿ ಆಗುವುದಿಲ್ಲವಾ?

ಹೊದಿಕೆ ಬೇಡ ಅಂದ ತಕ್ಷಣ ಬರುವ ಪ್ರಶ್ನೆ ಇದು. ಹೊದಿಕೆಯ ಕೆಲಸವನ್ನು ಬಟ್ಟೆಗೆ ಕೊಡಿ. ಮೈಮೇಲೆ ತೊಟ್ಟ ಬಟ್ಟೆ ಮುಖದ ಮೇಲೆ ಸರಿಯುವುದಿಲ್ಲ, ಹೊದಿಕೆ ಸರಿಯುತ್ತದೆ.

ಬೆಂಗಳೂರಿನ ಡಿಸೆಂಬರ್ ರಾತ್ರಿ ಹೊರಗೆ 15–16 ಡಿಗ್ರಿಗೆ ಇಳಿದರೂ ಕಿಟಕಿ ಮುಚ್ಚಿದ ಕೋಣೆಯೊಳಗೆ ಅಷ್ಟು ಚಳಿ ಇರುವುದಿಲ್ಲ. ದೊಡ್ಡವರು ಆ ಕೋಣೆಯಲ್ಲಿ ಎಷ್ಟು ಬಟ್ಟೆ ಹಾಕಿಕೊಂಡು ಹಾಯಾಗಿರುತ್ತಾರೋ ಅದಕ್ಕಿಂತ ಹೆಚ್ಚೆಂದರೆ ಒಂದು ಪದರ ಜಾಸ್ತಿ ಮಗುವಿಗೆ ಸಾಕು. ಒಳಗೊಂದು ತೆಳು ಹತ್ತಿ ಅಂಗಿ, ಮೇಲೊಂದು ಪೂರ್ತಿ ತೋಳಿನ, ಕಾಲು ಮುಚ್ಚುವ ಅಂಗಿ. ಮಂಗಳೂರಿನ ಸೆಕೆಯಲ್ಲಿ, ಕಲಬುರಗಿಯ ಮೇ ತಿಂಗಳಲ್ಲಿ ಒಂದು ಜುಬ್ಬ, ಕೆಳಗೊಂದು ಲಂಗೋಟಿ ಇದ್ದರೆ ಅದೇ ಹೆಚ್ಚು. ಫ್ಯಾನ್ ಹಾಕಬಹುದು, ಗಾಳಿ ಆಡಬೇಕು, ನೇರ ಮುಖಕ್ಕೆ ಹೊಡೆಯದಿದ್ದರೆ ಆಯಿತು. ಮಡಿಕೇರಿಯ ಜುಲೈ, ಬೀದರಿನ ಜನವರಿಯಾದರೆ ಉಣ್ಣೆಯ ಒಂದು ಪದರ ಸೇರಿಸಿ.

ಕೈ ಕಾಲು ಮುಟ್ಟಿ ‘ತಣ್ಣಗಿದೆ’ ಅಂತ ತೀರ್ಮಾನ ಮಾಡಬೇಡಿ. ಹಸುಗೂಸಿನ ಕೈಕಾಲು ಬಹಳ ಸಲ ತಣ್ಣಗೇ ಇರುತ್ತವೆ. ಬೆರಳನ್ನು ಕುತ್ತಿಗೆಯ ಹಿಂಭಾಗಕ್ಕೆ, ಇಲ್ಲವೇ ಅಂಗಿಯೊಳಗೆ ಎದೆಗೆ ಇಟ್ಟು ನೋಡಿ. ಬೆಚ್ಚಗಿದ್ದರೆ ಸರಿ. ಬೆವರಿ ಒದ್ದೆಯಾಗಿದ್ದರೆ, ಕೆನ್ನೆ ಕೆಂಪಾಗಿದ್ದರೆ ಒಂದು ಪದರ ತೆಗೆಯಿರಿ. ಅತಿಯಾದ ಬಿಸಿಯೂ ಸಿಡ್ಸ್‌ಗೆ ದಾರಿ ಮಾಡಿಕೊಡುವ ಕಾರಣಗಳಲ್ಲಿ ಒಂದು.

ಕುಲಾವಿ, ಕಿವಿಗೆ ಹತ್ತಿ, ತಲೆಗೆ ಬಟ್ಟೆ ಇವೆಲ್ಲ ಬಾಣಂತನದ ಕೋಣೆಯಲ್ಲಿ ಇದ್ದೇ ಇರುತ್ತವೆ. ಮಗು ಜಾಸ್ತಿಯಾದ ಬಿಸಿಯನ್ನು ಹೊರಗೆ ಹಾಕುವುದು ಮುಖ್ಯವಾಗಿ ತಲೆ, ಮುಖದ ಮೂಲಕವೇ. ಒಳಗೆ ಮಲಗುವಾಗ ಅದನ್ನು ಮುಚ್ಚಿದರೆ ಬಿಸಿ ಒಳಗೇ ಉಳಿಯುತ್ತದೆ, ಸಡಿಲವಾದ ಕುಲಾವಿ ಕಣ್ಣು ಮೂಗಿನ ಮೇಲೆ ಜಾರುತ್ತದೆ. ಹೊರಗೆ ಕರೆದುಕೊಂಡು ಹೋಗುವಾಗ ಹಾಕಿ, ಮಲಗಿಸುವಾಗ ತೆಗೆಯಿರಿ. ಅವಧಿಗೆ ಮುನ್ನ ಹುಟ್ಟಿದ, ತೂಕ ಕಡಿಮೆ ಇರುವ ಮಗುವಿನ ಲೆಕ್ಕ ಬೇರೆ. ಅಲ್ಲಿ ಡಾಕ್ಟರು ಹೇಳಿದ ಹಾಗೆ ನಡೆಯಬೇಕು.

ಸ್ಲೀಪಿಂಗ್ ಬ್ಯಾಗ್ ಎಂಬ ಹೆಸರಿನಲ್ಲಿ ಎರಡು ಬೇರೆ ಬೇರೆ ವಸ್ತು ಸಿಗುತ್ತವೆ, ಗೊಂದಲ ಮಾಡಿಕೊಳ್ಳಬೇಡಿ. ಒಂದು ತೋಳಿಲ್ಲದ ಅಂಗಿಯ ಹಾಗಿದ್ದು ಕೆಳಗೆ ಚೀಲದಂತೆ ಮುಚ್ಚಿರುತ್ತದೆ. ಕುತ್ತಿಗೆ, ಕಂಕುಳು ಸರಿಯಾಗಿ ಕೂತರೆ ಇದು ಹೊದಿಕೆಗೆ ಒಳ್ಳೆಯ ಬದಲಿ. ಇದರ ಮೇಲೆ ಟಾಗ್ ಅಂತ ಒಂದು ಅಂಕಿ ಇರುತ್ತದೆ, ಎಷ್ಟು ಬೆಚ್ಚಗೆ ಅನ್ನುವುದರ ಅಳತೆ. ನಮ್ಮ ಕಡೆಗೆ 0.5 ಅಥವಾ 1 ಸಾಕು. 2.5ರದ್ದು ವಿದೇಶದ ಚಳಿಗೆ. ಇನ್ನೊಂದು, ರಜಾಯಿಯಂಥ ದಪ್ಪ ಬಟ್ಟೆಯಲ್ಲಿ ಮಾಡಿದ, ತಲೆಯ ಹಿಂದೆ ದಿಂಬೋ ಟೋಪಿಯೋ ಇರುವ ಜಿಪ್ ಚೀಲ. ನಮ್ಮ ಅಂಗಡಿಗಳಲ್ಲಿ ಜಾಸ್ತಿ ಸಿಗುವುದು ಇದೇ. ಮಗುವನ್ನು ಎತ್ತಿಕೊಂಡು ಓಡಾಡುವುದಕ್ಕೆ ಇದು ಅನುಕೂಲ. ಅದರೊಳಗೆ ಮಲಗಿಸಿ ಹೋಗುವುದು ಸರಿಯಲ್ಲ.

ಬಟ್ಟೆ ಸುತ್ತಿ ಮಲಗಿಸುವ ಅಭ್ಯಾಸ ಇದ್ದರೆ ತೆಳು ಮಲ್‌ಮಲ್ ಬಟ್ಟೆ ಬಳಸಿ. ಸೊಂಟದ ಕೆಳಗೆ ಕಾಲು ಆಡಿಸುವಷ್ಟು ಸಡಿಲ ಇರಲಿ, ಇಲ್ಲದಿದ್ದರೆ ಸೊಂಟದ ಕೀಲಿಗೆ ತೊಂದರೆ. ಮಗು ಮಗ್ಗುಲಾಗಲು ಪ್ರಯತ್ನಿಸಿದ ದಿನದಿಂದ ಸುತ್ತುವುದು ನಿಲ್ಲಿಸಿ. ಕೈ ಕಟ್ಟಿದ ಮಗು ಬೋರಲಾದರೆ ವಾಪಸ್ ತಿರುಗಲಾರದು. ಭಾರದ ಮಣಿ ತುಂಬಿದ ‘ವೆಯ್ಟೆಡ್’ ಹೊದಿಕೆಗಳಂತೂ ಬೇಡವೇ ಬೇಡ.

ಜೋಲಿ, ತೊಟ್ಟಿಲು, ಅಮ್ಮನ ಪಕ್ಕ

ಸೀರೆಯಲ್ಲಿ ಕಟ್ಟಿದ ಜೋಲಿಯಲ್ಲಿ ಮಗು ಬೇಗ ನಿದ್ದೆ ಹೋಗುತ್ತದೆ. ಕೆಲಸಕ್ಕೆ ಹೋಗುವ ತಾಯಂದಿರಿಗೆ ಗದ್ದೆ ಬದುವಿನಲ್ಲಿ, ಕಟ್ಟಡದ ಪಕ್ಕದಲ್ಲಿ ಅದಕ್ಕಿಂತ ಬೇರೆ ದಾರಿ ಇರುವುದಿಲ್ಲ. ನೆಲದ ಇರುವೆ, ಹುಳದಿಂದ ಅದು ಕಾಪಾಡುತ್ತದೆ. ಆದರೆ ಜೋಲಿಯಲ್ಲಿ ಮಗುವಿನ ಬೆನ್ನು ಬಿಲ್ಲಿನಂತೆ ಬಾಗಿ ಗದ್ದ ಎದೆಗೆ ಒತ್ತುತ್ತದೆ, ಎರಡು ಕಡೆಯ ಬಟ್ಟೆ ಮುಖದ ಹತ್ತಿರ ಕೂಡಿಕೊಳ್ಳುತ್ತದೆ, ದೂರದಿಂದ ನೋಡಿದರೆ ಒಳಗೆ ಏನಾಗುತ್ತಿದೆ ಅಂತ ಕಾಣುವುದಿಲ್ಲ. ಮನೆಯಲ್ಲಿ ಆಯ್ಕೆ ಇರುವವರು ಜೋಲಿಯನ್ನು ತೂಗುವುದಕ್ಕೆ ಮಾತ್ರ ಇಟ್ಟುಕೊಳ್ಳಿ. ನಿದ್ದೆ ಹತ್ತಿದ ಮೇಲೆ ಎತ್ತಿ ಸಪಾಟು ಜಾಗಕ್ಕೆ ಹಾಕಿ. ಎಚ್ಚರ ಆಗಿಬಿಡುತ್ತದೆ ಅನ್ನುವ ಸಂಕಟ ನಿಜ, ನಾನೂ ಅದನ್ನು ಅಲ್ಲಗಳೆಯುವುದಿಲ್ಲ.

ಮರದ ತೊಟ್ಟಿಲಿನ ತಳ ಸಪಾಟಾಗಿದ್ದರೆ ಅದು ಒಳ್ಳೆಯದೇ. ಧಾರವಾಡ ಜಿಲ್ಲೆಯ ಕಲಘಟಗಿಯ ಬಣ್ಣದ ತೊಟ್ಟಿಲುಗಳು ಹೆಸರುವಾಸಿ. ಅರಗಿನ ಬಣ್ಣ ಹಚ್ಚಿ, ಪುರಾಣದ ಚಿತ್ರಗಳನ್ನು ಕೈಯಲ್ಲೇ ಬರೆದು ಮಾಡುತ್ತಾರೆ. ಅಜ್ಜನ ಕಾಲದ ತೊಟ್ಟಿಲು ಅಟ್ಟದಿಂದ ಇಳಿದು ಬಂದರೆ ಕೊಂಡಿ, ಸರಪಳಿ, ಕಂಬಿಯ ಸಂದು ನೋಡುವುದರ ಜೊತೆಗೆ ಬಣ್ಣವನ್ನೂ ನೋಡಿ. ನಡುವೆ ಯಾರಾದರೂ ಅಂಗಡಿಯ ಎನಾಮಲ್ ಪೇಂಟ್ ಹೊಡೆಸಿರಬಹುದು. ಮನೆಗೆ ಬಳಿಯುವ ಬಣ್ಣಗಳಲ್ಲಿ ವಿಷಕಾರಿಯಾದ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗಕ್ಕೆ 90 ಭಾಗ, ಮೀರಬಾರದು ಎಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದೇ 2017ರಲ್ಲಿ. ಹಲ್ಲು ಬರುವ ಕಾಲಕ್ಕೆ ಮಗು ತೊಟ್ಟಿಲಿನ ಅಂಚನ್ನು ಕಚ್ಚದೆ ಬಿಡುವುದಿಲ್ಲ.

ಇನ್ನು ಅಮ್ಮನ ಪಕ್ಕ ಮಲಗುವುದು. ಅಮೆರಿಕದ ಮಕ್ಕಳ ವೈದ್ಯರ ಸಂಘ ಮಗು ಕನಿಷ್ಠ ಆರು ತಿಂಗಳು ಅಪ್ಪ ಅಮ್ಮನ ಕೋಣೆಯಲ್ಲೇ ಇರಲಿ, ಆದರೆ ಬೇರೆ ಹಾಸಿಗೆಯಲ್ಲಿ ಇರಲಿ ಎನ್ನುತ್ತದೆ. ಮಗುವಿಗೆ ಬೇರೆ ಕೋಣೆ ಅಲಂಕರಿಸಿಟ್ಟವರೂ ಇದನ್ನು ಗಮನಿಸಬೇಕು. ನಮ್ಮ ಬಹುತೇಕ ಮನೆಗಳಲ್ಲಿ ಮಗು ಮಲಗುವುದು ತಾಯಿಯ ಮಗ್ಗುಲಲ್ಲೇ. ಅದೇ ನಿಮ್ಮ ಮನೆಯ ರೂಢಿಯಾದರೆ ಅಪಾಯ ಕಡಿಮೆ ಮಾಡಿಕೊಳ್ಳುವುದು ಹೇಗೆ ಅಂತ ನೋಡಬೇಕು. ದೊಡ್ಡವರ ದಿಂಬು, ರಜಾಯಿ ಮಗುವಿನಿಂದ ದೂರ ಇರಲಿ. ಗೋಡೆಗೂ ಮಂಚಕ್ಕೂ ನಡುವೆ ಸಂದು ಇರಬಾರದು. ಸಿಗರೇಟು ಸೇದುವವರು, ಕುಡಿದು ಬಂದವರು, ನಿದ್ದೆಯ ಮಾತ್ರೆ ತೆಗೆದುಕೊಂಡವರು ಆ ಹಾಸಿಗೆಯಲ್ಲಿ ಮಲಗಲೇಬಾರದು. ಸೋಫಾದಲ್ಲಿ ಮಗುವನ್ನು ಎದೆಯ ಮೇಲೆ ಹಾಕಿಕೊಂಡು ನಿದ್ದೆ ಹೋಗುವುದು ಎಲ್ಲಕ್ಕಿಂತ ಅಪಾಯ. ತಿಂಗಳು ತುಂಬದೆ ಹುಟ್ಟಿದ, ತೂಕ ಕಡಿಮೆ ಇರುವ ಮಗುವಿಗೆ ಪಕ್ಕದಲ್ಲೇ ಬೇರೆ ಹಾಸಿಗೆ ಇರಲೇಬೇಕು.

ನ್ಯೂಜಿಲೆಂಡಿನ ಮಾವೊರಿ ಜನರಲ್ಲೂ ಮಗು ಅಮ್ಮನ ಜೊತೆಗೇ ಮಲಗುವ ರೂಢಿ. ‘ಬಿಟ್ಟುಬಿಡಿ’ ಅಂದರೆ ಯಾರೂ ಬಿಡುವುದಿಲ್ಲ ಅಂತ ಅರಿತು, ಅಲ್ಲಿಯ ಒಂದು ಜಾತಿಯ ನಾರಿನ ಗಿಡದ ಎಲೆಯಿಂದ ಹೆಣೆದ ವಹಕುರ ಎಂಬ ಅಂಚಿರುವ ಬುಟ್ಟಿಯನ್ನು ಬಳಕೆಗೆ ತಂದರು. ಒಳಗೆ ತೆಳುವಾದ ಗಟ್ಟಿ ಹಾಸಿಗೆ. ಬುಟ್ಟಿ ತಾಯಿಯ ಹಾಸಿಗೆಯ ಮೇಲೇ ಇರುತ್ತದೆ, ಮಗು ಕೈಗೆಟಕುತ್ತದೆ, ಹೊದಿಕೆ ಮಾತ್ರ ಅದರ ಮೇಲೆ ಬರುವುದಿಲ್ಲ. ಇಂಥದ್ದು ಬಿದಿರಿನಲ್ಲೋ ಬೆತ್ತದಲ್ಲೋ ನಮ್ಮಲ್ಲಿ ಯಾಕೆ ಬರಬಾರದು ಅಂತ ನನಗೆ ಆಗಾಗ ಅನ್ನಿಸುತ್ತದೆ.

ಮಗಳ ಬಾಣಂತನಕ್ಕೆ ಅಂತ ಕ್ಯಾಲಿಫೋರ್ನಿಯಾಕ್ಕೋ ನ್ಯೂಜೆರ್ಸಿಗೋ ಹೋದ ಅಮ್ಮಂದಿರಿಗೆ ಅಲ್ಲಿಯ ಖಾಲಿ ಕ್ರಿಬ್, ಅಂದರೆ ಸುತ್ತ ಕಂಬಿ ಇರುವ ಮಗುವಿನ ಮಂಚ, ನೋಡಿ ಹೊಟ್ಟೆ ಉರಿಯುತ್ತದೆ. ಸೂಟ್‌ಕೇಸಿನಲ್ಲಿ ತಂದ ಕೌದಿಗೆ ಅಲ್ಲಿ ಜಾಗವೇ ಇಲ್ಲ ಅಂದರೆ ಬೇಸರ ಆಗದೇ ಇರುತ್ತದೆಯೇ? ಕೌದಿಗೂ ಕೆಲಸ ಇದೆ. ಅಜ್ಜಿ ಮುತ್ತಜ್ಜಿಯ ಸೀರೆ ತುಂಡುಗಳನ್ನು ಸೇರಿಸಿ ಹೊಲಿದ ಕೌದಿಯನ್ನು ನೆಲದ ಮೇಲೆ ಹಾಸಿ, ಎಚ್ಚರವಿರುವ ಮಗುವನ್ನು ಅದರ ಮೇಲೆ ಬೋರಲು ಹಾಕಿ ಎದುರಿಗೆ ಕೂತು ಮಾತಾಡಿಸಿ. ಬಣ್ಣಬಣ್ಣದ ತುಂಡುಗಳನ್ನು ಮಗು ತಲೆ ಎತ್ತಿ ನೋಡುತ್ತದೆ. ಕಣ್ಣು ಮುಚ್ಚಲು ಶುರುವಾದಾಗ ಎತ್ತಿ ಕ್ರಿಬ್ಬಿಗೆ ಹಾಕಿದರಾಯಿತು.

ಸೊಳ್ಳೆ ಪರದೆ ಬೇಕೇ ಬೇಕು, ಡೆಂಗಿ ಕಾಲದಲ್ಲಿ ಹಗಲಿಗೂ ಬೇಕು. ಡೆಂಗಿ ಹರಡುವ ಸೊಳ್ಳೆ ಕಚ್ಚುವುದೇ ಹಗಲಲ್ಲಿ. ಕೊಡೆಯಂತೆ ಬಿಚ್ಚುವ ಪರದೆಯಾದರೆ ಒಳಗಿನ ಜಾಗ ಮಗುವಿನ ಕೈಗೆ ಪರದೆ ಸಿಗದಷ್ಟು ದೊಡ್ಡದಿರಲಿ. ಅದರೊಡನೆ ಬರುವ ಮೆತ್ತನೆ ತಳದ ಹಾಸಿಗೆಯನ್ನು ತೆಗೆದು, ನಿಮ್ಮ ಗಟ್ಟಿ ಹಾಸಿಗೆಯ ಮೇಲೆ ಪರದೆಯನ್ನು ಮಾತ್ರ ಮುಚ್ಚಿ. ಕೋಣೆಯಲ್ಲಿ ಸಾಂಬ್ರಾಣಿ ಹೊಗೆ, ಸೊಳ್ಳೆ ಬತ್ತಿ ಬೇಡ.

ಸುಮಾರು ನಾಲ್ಕು ತಿಂಗಳಿನ ಹೊತ್ತಿಗೆ ಮಗು ಮಗುಚಿಕೊಳ್ಳಲು ಶುರುಮಾಡುತ್ತದೆ. ಆಗಲೂ ಮಲಗಿಸುವುದು ಅಂಗಾತವೇ. ತಾನಾಗಿ ಎರಡೂ ಕಡೆ ತಿರುಗುವಷ್ಟು ಬಲ ಬಂದ ಮೇಲೆ ನಿದ್ದೆಯಲ್ಲಿ ಬೋರಲಾದರೆ ರಾತ್ರಿಯೆಲ್ಲ ಎದ್ದು ತಿರುಗಿಸುತ್ತಾ ಕೂರಬೇಕಾಗಿಲ್ಲ, ಸುತ್ತ ಮೆತ್ತನೆ ವಸ್ತು ಇರದಿದ್ದರೆ ಸಾಕು. ತೂಗುವ ತೊಟ್ಟಿಲಿನ ಕಾಲ ಅಲ್ಲಿಗೆ ಮುಗಿಯಿತು. ಕೈಯೂರಿ ಏಳಲು ಶುರುಮಾಡಿದರೆ ಮೇಲೆ ನೇತುಹಾಕಿದ ಆಟಿಕೆ ತೆಗೆಯಿರಿ. ಎದ್ದು ಕೂರುವ ಮೊದಲೇ ಕ್ರಿಬ್ಬಿನ ಹಾಸಿಗೆಯನ್ನು ಒಂದು ಮಟ್ಟ ಕೆಳಗಿಳಿಸಿ, ನಿಲ್ಲುವ ಹೊತ್ತಿಗೆ ತೀರಾ ಕೆಳಗೆ. ವರ್ಷ ತುಂಬಿದ ಮೇಲೆ ತೆಳುವಾದ ಒಂದು ಹೊದಿಕೆ ಕೊಡಬಹುದು. ದಿಂಬಿಗೆ ಅವಸರ ಇಲ್ಲ, ಎರಡು ವರ್ಷದ ಹತ್ತಿರ ಬರಲಿ. ಮಗು ಸುಮಾರು 89 ಸೆಂಟಿಮೀಟರ್ ಎತ್ತರ ಬಂದಾಗ, ಇಲ್ಲವೇ ಕಂಬಿ ಹತ್ತಲು ಕಾಲೆತ್ತಿದ ಮೊದಲ ದಿನವೇ, ಕ್ರಿಬ್ ಮಡಚಿಟ್ಟು ನೆಲದ ಮೇಲೆ ಹಾಸಿಗೆ ಹಾಕಿ.